ಅಪ್ಪನ ಗಾಡಿ, ನಿನ್ನ ಸೈರನ್

ಬೈಲಹೊಂಗಲ
ಶ್ರಾವಣ ಸೋಮವಾರ

ಪ್ರೀತಿಯ ತಮ್ಮಗ,

ಈ ಸಲ ಮಳಿ ಚೊಲೊ ಹಿಡದೈತಿ. ನವಿಲುತೀರ್ಥದ ಡ್ಯಾಮಿಗೆ ನೀರು ಜೋರು ಬರಾಕತ್ತೈತಿ ಅಂತ ಮುನವಳ್ಳಿ ಕಾಕಾ ಹೇಳತಿದ್ದ.

ಸುದ್ದಿ ಮೊದಲ ಹೇಳಿಬಿಡತೀನಿ, ಸುತ್ತಿಬಳಸಿ ಬರಿಯೋದು ನನಗ ಬರಂಗಿಲ್ಲ. ಅಪ್ಪನ ಅಂಬಾಸಡರಿಗೆ ನೀ ಹಾಕಿಸಿದ್ದ ಅಲಾರಮ್ ತಗಸೀನಿ. ಸೈರನ್ನು, ಡ್ಯಾಶ್‌ಬೋರ್ಡಿನ ಕೆಳಗಿನ ಪೆಟಿಗಿ, ನಾಕೂ ಬಾಗಲದೊಳಗಿನ ಲಾಕಿನ ಮೋಟರು, ಕೆಂಪು ಮಿಣುಕು ದೀಪ ಎಲ್ಲಾ. ಫೋನಿನ್ಯಾಗ ಹೇಳಿದ್ರ ‘ಆತು ಬಿಡಕ್ಕ’ ಅಂದು ಸುಮ್ಮನಾಗತಿದ್ದಿ, ಆಮ್ಯಾಲ ಒಬ್ಬನ ಕುಂತು ಮನಸಿಗೆ ಹಚಗೋತಿದ್ದಿ. ನಿನ್ನ ಸ್ವಭಾವ ನನಗ ಗೊತ್ತಿಲ್ಲೇನು? ಅದಕ್ಕ ಕಾಗದ ಬರೀಲಿಕ್ಕೆ ಕುಂತೆ. ಯಾಕ ತಗಸಿದೆ, ಹೆಂಗ ತಗಸಿದೆ ಅನ್ನೋದನ್ನ ಪೂರಾ ಓದು. ಬೈಯೋದಿದ್ರ ಆಮ್ಯಾಲ ಬೈ.

ನೀ ಅದನ್ನ ಹಾಕಿಸಿದ್ದು ಅಪ್ಪನ ಮ್ಯಾಲಿನ ಜೀವಕ್ಕ. ಆಗ ಪುಣೆದಾಗ ನಿನ್ನ ಗಾಡಿ ಕಾಜು ಒಡದು ಟೇಪ್ ಕದ್ದೊಯ್ದಿದ್ರು. ಇತ್ತ ಅಪ್ಪ ವಯಸ್ಸಾದ್ರೂ ದಲಾಲಿ ಅಂಗಡಿ ಬಿಟ್ಟಿರಲಿಲ್ಲ. ಹತ್ತಿ ಸುಗ್ಗಿ ಬಂತಂದ್ರ ಸವದತ್ತಿ, ಯರಗಟ್ಟಿ, ರಾಮದುರ್ಗದ ಕಡೆ ಒಬ್ಬನ ಗಾಡಿ ಹೊಡಕೊಂಡು ಹೋಗತಿದ್ದ. ಬಾಗಲದ ಬೀಗ ಅಂತೂ ಸವದು ಸವದು, ಅಂಗಡಿ ಕಪಾಟಿನ ಕೀಲಿ ತುರಕಿದ್ರೂ ತಗೀತಿತ್ತು. ದೀಪಾವಳಿಗೆ ಬಂದ ನೀನು ಅಪ್ಪನ್ನೂ ಗಾಡೀನೂ ಪುಣೆಗೆ ಕರಕೊಂಡು ಹೋಗಿ, ಅಲ್ಲೊಂದು ಅಂಗಡ್ಯಾಗ ಇದನ್ನ ಹಾಕಿಸಿ ಕಳಸಿದಿ.

ಆಮ್ಯಾಲಿಂದು ನಿನಗ ಯಾರೂ ಹೇಳಿರಲಿಕ್ಕಿಲ್ಲ. ಸಂಜಿ ಮುಂದ ಅಂಗಡಿಯಿಂದ ಬಂದು ಬೇವಿನ ಗಿಡದ ಕೆಳಗ ಗಾಡಿ ನಿಲ್ಲಿಸಿ ಅಪ್ಪ ರಿಮೋಟ್ ಒತ್ತತಿದ್ದ. ‘ಕುಂಯ್ಕ್’ ಅಂತಿತ್ತು, ಇಂಡಿಕೇಟರ್ ಒಮ್ಮೆ ಮಿಣಕತಿದ್ದುವು. ‘ಪುಣೆದಾಂವ ಮಾತಾಡಿದ’ ಅಂತ ಚಪ್ಪಲಿ ಬಿಡತಿದ್ದ. ಅವ್ವ ಒಳಗಿಂದ ‘ಏನಂದ?’ ಅಂತಿದ್ಲು. ‘ಊಟಾ ಆತೇನು ಅಂತ ಕೇಳಿದ.’ ದಿನಾ ಇದ ಮಾತು, ದಿನಾ ಇಬ್ಬರೂ ನಗತಿದ್ರು. ಹಿಂಗಾಗಿ ಅಪ್ಪ ಇರೋತನಕ ಆ ಪೆಟಿಗಿಗೆ ಕೈ ಹಚ್ಚೋ ಮಾತ ಇರಲಿಲ್ಲ. ಆಮ್ಯಾಲೂ ಅವ್ವ ಇದ್ಲು, ಅಕಿ ಸಲುವಾಗಿ ನಾನ ಸಂಜಿಗೊಮ್ಮೆ ಒತ್ತತಿದ್ದೆ.

ಆದರ ಗಾಡಿ ಓಡಾಟ ಕಡಿಮಿ ಆದಂಗ ಅದರ ಕಾಟ ಜಾಸ್ತಿ ಆತು. ಭಾರತ ಹುಣ್ಣಿವಿಗೆ ಅವ್ವನ್ನ ಕರಕೊಂಡು ಸವದತ್ತಿ ಗುಡ್ಡಕ್ಕ ಹೋಗಿದ್ದೆ. ಜಾತ್ರಿ ಗದ್ದಲ ನಿನಗ ಗೊತ್ತಿದ್ದದ್ದ: ಚೌಡಕಿ, ಜಾಗಟಿ, ಪಡ್ಡಲಗಿ ಹೊತ್ತವರು, ಎಲ್ಲಾ ಕಡೆ ಭಂಡಾರ, ‘ಉಧೋ ಉಧೋ’ ಅನ್ನೋ ಕೂಗು. ಗಾಡಿ ಬಾಜೂಕ ಡೊಳ್ಳಿನ ಮೇಳ ಹಾದು ಹೋದಾಗೊಮ್ಮೆ ಆ ಧಕ್ಕಿ ಸೆನ್ಸರಿಗೆ ಗಾಡಿ ಯಾರೋ ಅಲಗ್ಯಾಡಿಸಿದಂಗ ಆಗತಿತ್ತು, ಸೈರನ್ ಒದರತಿತ್ತು. ನಾ ಓಡಿಬಂದು ಬಂದ್ ಮಾಡೋದು, ಮತ್ತೊಂದು ಮೇಳ ಬರೋದು, ಅದು ಮತ್ತ ಒದರೋದು. ಸೋಲಾಪುರದ ಕಡೆಯ ಮುದುಕಿಯೊಬ್ಬಾಕಿ, ಇದೂ ಅಮ್ಮಗ ಮಾಡಿಸಿದ ಹೊಸ ವಾದ್ಯ ಅಂತ ತಿಳದಿದ್ಲೋ ಏನೋ, ಬಾನೆಟ್ಟಿಗೆ ಭಂಡಾರ ಹಚ್ಚಿ ಕೈ ಮುಗದು ಹೋದ್ಲು. ಇಡೀ ಗುಡ್ಡದ ಮ್ಯಾಲ ಆ ಒದರಾಟ ಕೇಳಿ ಗಾಡಿ ಹತ್ರ ಬಂದಾಕಿ ಅಕಿ ಒಬ್ಬಾಕಿನ.

ರಾಮದುರ್ಗದ್ದು ನಗೋ ಸುದ್ದಿ ಅಲ್ಲ. ಮಾವಶಿ ಮೊಮ್ಮಗನ ಲಗ್ನ, ಉರಿ ಬ್ಯಾಸಗಿ. ಊಟಾ ಮುಗಿಸಿ ಕೀಲಿ ತಿರುವಿದ್ರ ಸೆಲ್ಫ್ ಎತ್ತವಲ್ದು. ಬ್ಯಾಟರಿ ಇಳದಿತ್ತು. ನೇಕಾರ ಓಣಿ ಹುಡುಗುರು ‘ನೂಕತೇವ್ರಿ ಅಕ್ಕೋರ, ಹಳೇ ಗಾಡಿ, ಎರಡ ಧಕ್ಕಿಗೆ ಏಳತೈತಿ’ ಅಂತ ಅಂಗಿ ತೋಳ ಮಡಚಿದ್ರು. ಅವರು ಹೇಳಿದ್ದು ಖರೆ. ಬ್ಯಾಟರಿ ಅರ್ಧಮರ್ಧ ಸತ್ತಿದ್ರೂ ಸೆಕೆಂಡ್ ಗೇರಿಗೆ ಹಾಕಿ ನೂಕಿದ್ರ ಅಂಬಾಸಡರ್ ಏಳದೆ ಇರಂಗಿಲ್ಲ. ಓಣಿ ಈ ತುದಿಯಿಂದ ಆ ತುದಿತನಕ ನೂಕಿದ್ರು, ಇಂಜಿನ್ ಒಮ್ಮೇನೂ ಕೆಮ್ಮಲಿಲ್ಲ. ಅವತ್ತು ಅದ್ಯಾಕ ಅಂತ ನನಗ ತಿಳೀಲಿಲ್ಲ.

ಕಿತ್ತೂರ ಹತ್ರ ಆಗಿದ್ದನ್ನ ನಿನಗ ಮುಚ್ಚಿಟ್ಟಿದ್ದೆ. ಧಾರವಾಡದಿಂದ ಬರಾಕತ್ತಿದ್ದೆ, ಹೆದ್ದಾರಿ ಮ್ಯಾಲ ಹಿಂದ ಸಿಮೆಂಟಿನ ಲಾರಿ. ಒಮ್ಮಿಂದೊಮ್ಮೆಲೆ ಇಂಜಿನ್ ಬಂದ್. ಕೆಮ್ಮಿಲ್ಲ, ಜಗ್ಗಾಟಿಲ್ಲ, ದೀಪಾ ಆರಿಸಿದಂಗ. ಬದಿಗೆ ತಗೋಳಾಕ ಜಾಗಾ ಇತ್ತು ಅಂತ ಈ ಕಾಗದ ಬರಿಯಾಕತ್ತೀನಿ. ಚೂರು ಹೊತ್ತು ಬಿಟ್ಟು ಕೀಲಿ ತಿರುವಿದ್ರ ಏನೂ ಆಗೇ ಇಲ್ಲ ಅನ್ನೂವಂಗ ಚಾಲೂ ಆತು. ಪೆಟ್ರೋಲಿನ ಕಸರಿದ್ರ ಗಾಡಿ ಮೊದಲ ಜಗ್ಗತೈತಿ, ಹಿಂಗ ಕತ್ತರಿಸಿದಂಗ ನಿಲ್ಲಂಗಿಲ್ಲ. ಇದು ಕರೆಂಟಿನ ಕೆಲಸ ಅಂತ ಅವತ್ತ ಖಾತ್ರಿ ಆತು. ಮನಿಗೆ ಬಂದಾಕಿನ ಮಿಸ್ತ್ರಿಗೆ ಹೇಳಿ ಕಳಸಿದೆ.

ಮಿಸ್ತ್ರಿ ಅಂದ್ರ ನನ್ನ ಕೈಯಾಗ ಎಂಟನೇತ್ತ ಕಲತ ಹುಡುಗ, ಈಗ ಅವನ ತಲೀನೂ ಹಣ್ಣಾಗೈತಿ. ಟ್ರ್ಯಾಕ್ಟರು, ಲಾರಿ, ಹಳೇ ಜೀಪು ಯಾವುದರ ವಾಯರಿಂಗ್ ಇದ್ರೂ ಮಾಡತಾನ. ಬಂದಾಂವ ಬಾನೆಟ್ ಎತ್ತಿ ನೋಡಿ ಕೇಳಿದ ಮೊದಲನೇ ಮಾತು, ‘ಅಕ್ಕೋರ, ಈ ಸೈರನ್ನಿಗೆ ಒಂದು ಸಣ್ಣ ಕೀಲಿ ಇರತೈತ್ರಿ. ಎಲ್ಲೈತಿ?’ ಈ ಜಾತಿ ಸೈರನ್ನಿನ ಹೊಟ್ಟ್ಯಾಗ ಅದರದ್ದ ಬ್ಯಾಟರಿ ಇರತೈತಂತ. ಕಳ್ಳ ಗಾಡಿ ಬ್ಯಾಟರಿ ವಾಯರ್ ಕತ್ತರಿಸಿದ್ರೂ ಅದು ಒದರಬೇಕಲ್ಲ? ಕೀಲಿ ತಿರುವದ ಬ್ಯಾಟರಿ ಬಿಚ್ಚಿದ್ರ ಕಳ್ಳಗ ಏನು ಮಾಡತೈತೋ ಮಾಲಕಗೂ ಅದನ್ನ ಮಾಡತೈತಿ. ಅಪ್ಪನ ರೊಕ್ಕದ ಪೆಟಿಗಿ ತಗದು ಹುಡಕಿದೆ. ದಾರದಾಗ ಕಟ್ಟಿದ ಕೀಲಿ ಸಿಕ್ತು, ಅದಕ್ಕೊಂದು ಚೀಟಿ, ಅಪ್ಪನ ದುಂಡನೆ ಅಕ್ಷರ: ‘ಪುಣೆದಾಂವನ ಬಾಯಿ ಬೀಗ’.

ಕೆಲಸ ಶುರು ಆತು. ಬ್ಯಾಟರಿ ಬಿಚ್ಚೋಕಿಂತ ಮೊದಲ ಎಲ್ಲಾ ವಾಯರಿನ ಫೋಟೋ ಹೊಡಕೊಂಡ್ವಿ, ಒಂದೊಂದಕ್ಕೂ ಚೀಟಿ ಕಟ್ಟಿದ್ವಿ. ಅಲಾರಮ್ಮಿನ ಪೆಟಿಗಿಯಿಂದ ಹೊಂಟ ವಾಯರು ಎಲ್ಲಾ ಕರಿ ಬಣ್ಣದ್ದು. ಕಳ್ಳಗ ಗುರುತು ಸಿಗಬಾರದಂತ ಹಂಗ ಮಾಡತಾರ, ರಿಪೇರಿ ಮಾಡಾಂವಗೂ ಸಿಗಂಗಿಲ್ಲ. ಗಾಡಿದು ಸ್ವಂತ ವಾಯರಿಂಗ್ ಮಾತ್ರ ಪಾಠ ಬರದಂಗ ಐತಿ. ಈ ಅಂಬಾಸಡರ್ ಇಂಗ್ಲಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿ ಸಂತಾನ. ಕಲಕತ್ತಾ ಬಾಜೂದ ಉತ್ತರಪಾರಾದಾಗ ಹಿಂದೂಸ್ತಾನ್ ಮೋಟರ್ಸ್‌ನವರು 1950ರ ದಶಕದ ಕೊನೀಗೆ ತಯಾರು ಮಾಡಾಕ ಹತ್ತಿ, 2014ಕ್ಕ ನಿಲ್ಲಿಸಿದ್ರು. ಹಿಂಗಾಗಿ ವಾಯರಿನ ಬಣ್ಣದ ಭಾಷಾನೂ ಇಂಗ್ಲಂಡಿನ ಲೂಕಾಸ್ ಕಂಪನಿದ್ದು. ಕಂದು ಅಂದ್ರ ಬ್ಯಾಟರಿಯಿಂದ ಸೀದಾ ಬಂದದ್ದು, ಯಾವಾಗಲೂ ಕರೆಂಟ್ ಇರತೈತಿ. ಬಿಳಿ ಅಂದ್ರ ಕೀಲಿ ತಿರುವಿದ ಮ್ಯಾಲ ಬರೋದು. ಹಸರು ಅಂದ್ರ ಅದೇ ಕರೆಂಟು ಫ್ಯೂಜ್ ದಾಟಿ ಬಂದದ್ದು. ಕರಿ ಅಂದ್ರ ಅರ್ಥ್. ಹಸರಿನ ಮ್ಯಾಲ ಕೆಂಪು ಗೆರಿ ಎಡಗಡೆ ಇಂಡಿಕೇಟರ್, ಬಿಳಿ ಗೆರಿ ಬಲಗಡೆದು. ಆದರ ಮಿಸ್ತ್ರಿ ಬಣ್ಣಾ ನಂಬಲಿಲ್ಲ. ‘ನಲವತ್ತು ವರ್ಷದಾಗ ಎಷ್ಟು ಮಂದಿ ಕೈ ಆಡ್ಯಾವೋ, ಅಕ್ಕೋರ’ ಅಂತ ಟೆಸ್ಟ್ ಲ್ಯಾಂಪ್ ಹಚ್ಚಿ ಒಂದೊಂದನ್ನೂ ಕೇಳಿ ಕೇಳಿ ಬರಸಿದ.

ಪುಣೆ ಅಂಗಡಿಯವರ ಕೆಲಸ ಆಗ ಬೈಲಿಗೆ ಬಂತು. ಪೆಟಿಗಿಗೆ ಕರೆಂಟ್ ತಂದ ವಾಯರಿನ ಫ್ಯೂಜ್ ಇರಬೇಕಾದ ಜಾಗಾದಾಗ ತಾಮ್ರದ ತಂತಿ ಸುತ್ತಿತ್ತು. ಅದೆಲ್ಲಾದ್ರೂ ಬಾಡಿಗೆ ತಾಕಿದ್ರ ಫ್ಯೂಜ್ ಹೋಗತಿದ್ದಿಲ್ಲ, ಗಾಡೀನ ಹೋಗತಿತ್ತು. ಇಂಡಿಕೇಟರ್ ವಾಯರಿಗೆ ಕಚ್ಚೋ ಕ್ಲಿಪ್ ಹಾಕಿದ್ರು. ಆ ಕ್ಲಿಪ್ಪಿನ ಹಲ್ಲು ವಾಯರಿನ ಅರ್ಧ ಎಳಿ ಕಡದಿದ್ವು, ಉಳದ ಅರ್ಧಕ್ಕ ಹಸರು ಕಿಲುಬು. ಮಳಿಗಾಲದಾಗ ಎಡಗಡೆ ಇಂಡಿಕೇಟರ್ ಮಂಕಾಗೋದಕ್ಕ ಅಪ್ಪ ಬಲ್ಬ್ ಬದಲಿ ಮಾಡಿ ಮಾಡಿ ಬ್ಯಾಸತ್ತಿದ್ದ, ನೆನಪೈತೇನು? ರೋಗ ಇಲ್ಲಿತ್ತು. ಸುತ್ತಿದ ಟೇಪ್ ಉರಿಗೆ ಕರಗಿ ಹಲಸಿನ ಅಂಟಾಗಿತ್ತು. ಬಟ್ಟಿಗೆ ಒಂದೀಟ ಚಿಮಣಿ ಎಣ್ಣಿ ಹಚಗೊಂಡು ತಿಕ್ಕಿ ತಿಕ್ಕಿ ತಗದೆ. ಆ ಕೆಲಸ ನಂದು.

ಈಗ ರಿಲೇಕ್ಕ ಬರತೀನಿ, ಎಲ್ಲಾ ಗುಟ್ಟು ಅದರೊಳಗ ಇತ್ತು. ಬೆಂಕಿಪೆಟಿಗಿಗಿಂತ ಸಣ್ಣದು, ಐದು ಕಾಲು. 85, 86 ಅನ್ನೋ ಕಾಲಿನ ನಡುವ ತಂತಿ ಸುರುಳಿ. ಅದರಾಗ ಸಣ್ಣ ಕರೆಂಟ್ ಹರದ್ರ ಕಬ್ಬಿಣ ಅಯಸ್ಕಾಂತ ಆಗಿ ಒಂದು ಪಟ್ಟಿ ಎಳೀತೈತಿ. 30ನೇ ಕಾಲಿನಿಂದ ಬಂದ ದೊಡ್ಡ ಕರೆಂಟು, ಎಳದಾಗ 87ಕ್ಕ ಹೋಗತೈತಿ, ಬಿಟ್ಟಾಗ 87ಎ ಅನ್ನೋ ಕಾಲಿಗೆ ಹೋಗತೈತಿ. ಇವು ಜರ್ಮನಿಯವರು ಗೊತ್ತು ಮಾಡಿದ ನಂಬರು, ಈಗ ಬಹಳಷ್ಟು ಗಾಡಿ ರಿಲೇದಾಗ ಇವ ಇರತಾವು. ಅಲಾರಮ್ ಹಾಕೋರು ಕೀಲಿಯಿಂದ ಇಗ್ನಿಷನ್ ಕಾಯಲಿಗೆ ಹೋಗೋ ಬಿಳಿ ವಾಯರನ್ನ ನಡುವ ಕತ್ತರಿಸಿ, ಎರಡೂ ತುದಿ ಈ ರಿಲೇಕ್ಕ ಕಟ್ಟತಾರ. 87ಎಗೆ ಕಟ್ಟಿದ್ರ, ಅಲಾರಮ್ ಸತ್ತರೂ ಗಾಡಿ ಬದುಕತೈತಿ. ನಿನ್ನ ಅಂಗಡಿಯವರು 87ಕ್ಕ ಕಟ್ಟಿದ್ರು. ಅಂದ್ರ ಆ ಪೆಟಿಗಿ ಎದ್ದು ‘ಹೂಂ’ ಅಂದು ರಿಲೇ ಎಳದ್ರ ಮಾತ್ರ ಇಂಜಿನ್ನಿಗೆ ಕಿಡಿ. ರಾಮದುರ್ಗದಾಗ ಇಳದ ಬ್ಯಾಟರಿಗೆ ರಿಲೇ ಎಳಿಯೋ ತಾಕತ್ತಿರಲಿಲ್ಲ, ಹುಡುಗುರು ಬಾಗಲಕೋಟಿತನಕ ನೂಕಿದ್ರೂ ಅದು ಏಳತಿದ್ದಿಲ್ಲ. ಕಿತ್ತೂರದ್ದು ಇನ್ನೂ ಸರಳ. ಮಿಸ್ತ್ರಿ ರಿಲೇ ಡಬ್ಬಿ ಬಿಚ್ಚಿ ತೋರಿಸಿದ: ಕರೆಂಟ್ ದಾಟೋ ಎರಡು ಮೊಳಿ ಸುಟ್ಟು ಕರ್ರಗಾಗಿದ್ವು. ಕಾಯಲ್ ಮೂರ್ನಾಕು ಆಂಪಿಯರ್ ಎಳೀತೈತಿ, ಅಷ್ಟೂ ಈ ಸಾಸಿವಿ ಕಾಳಿನಷ್ಟು ಜಾಗಾದಿಂದ ದಾಟಬೇಕು. ರಸ್ತಾದ ಒಂದು ಕುಣಿಗೆ ಅವೆರಡೂ ಒಂದು ಗಳಿಗಿ ಬಿಟ್ಟುಕೊಟ್ವು, ಅಷ್ಟ.

ಇಲ್ಲಿ ಒಂದು ಮಾತು ತಿಳಕೋ, ಯಾಕಂದ್ರ ನಿನ್ನ ಗೆಳ್ಯಾರ ಕಡೆನೂ ಹಳೇ ಗಾಡಿ ಅದಾವು. ಅಲಾರಮ್ ತಗಿಯೋದಂದ್ರ ಪೆಟಿಗಿ ಕಿತ್ತು ಒಗಿಯೋದಲ್ಲ. ಕಿತ್ತು ಒಗದ್ರ ಕತ್ತರಿಸಿದ ವಾಯರು ಕತ್ತರಿಸಿದಂಗ ಉಳೀತೈತಿ, ಗಾಡಿ ಅಲ್ಲೇ ನಿಲ್ಲತೈತಿ. ಹಾಕಾಂವ ಎಲ್ಲೆಲ್ಲಿ ಕಡದಾನೋ ಅಲ್ಲೆಲ್ಲಾ ಮೊದಲಿನ ದಾರಿ ಮತ್ತ ಕೂಡಿಸಬೇಕು. ಹಾಕಾಕ ಅರ್ಧ ದಿನ ಸಾಕು. ತಗಿಯಾಕ, ಆ ಹಾಕಿದಾಂವ ಅವತ್ತು ಎಲ್ಲಿ ಅವಸರ ಮಾಡಿದ, ಎಲ್ಲಿ ಕಳ್ಳಾಟ ಆಡಿದ ಅನ್ನೋದನ್ನ ಹಿಂದಿನಿಂದ ಓದಕೋತ ಹೋಗಬೇಕು. ಕೂಡಿಸೋದು ಹೆಂಗ ಅನ್ನೋದಕ್ಕ ನನಗೂ ಮಿಸ್ತ್ರಿಗೂ ವಾದಾನ ಹತ್ತು. ನಾ ಬೆಸುಗಿ ಹಾಕೋಣು ಅಂದೆ. ‘ಬೆಸುಗಿ ಹಾಕಿದಲ್ಲಿ ವಾಯರು ಕಡ್ಡಿಯಂಗ ಬಿರುಸಾಗತೈತ್ರಿ, ಗಾಡಿ ನಡಗಾಟಕ್ಕ ಬಾಜೂಕ ಮುರೀತೈತಿ’ ಅಂದ ಅಂವ. ಕಡೀಕ ಇಬ್ಬರದೂ ಬಿಟ್ಟು ಮೂರನೇದು ಮಾಡಿದ್ವಿ: ಕೀಲಿಯಿಂದ ಕಾಯಲ್ಲಿನತನಕ ಹೊಸಾ ಬಿಳಿ ವಾಯರು, ನಡುವ ಜೋಡಣಿನ ಇಲ್ಲ. ಇಂಡಿಕೇಟರಿನ ಕಡದ ಎಳಿಗೆ ತಾಮ್ರದ ತೋಳು ಹಾಕಿ ಒತ್ತಿ, ಮ್ಯಾಲ ಸ್ಲೀವ್ ಎಳದು ಬಿಸಿ ಮಾಡಿ ಕೂಡಿಸಿದ.

ಬಾಗಲದ ಪ್ಯಾಡ್ ಬಿಚ್ಚಿ ಮೋಟರ್ ತಗದಾಗ ಒಳಗ ಏನು ಸಿಕ್ತು ಹೇಳು? ಹತ್ತಿ ಅರಳಿ. ಎಷ್ಟು ಸುಗ್ಗಿದೋ ಏನೋ, ಕಾಜಿನ ಸಂದ್ಯಾಗ ಇಳದು ಇಳದು ಎರಿ ಮಣ್ಣಿನ ಧೂಳಿನ ಜೋಡಿ ಕೂಡಿ ಬಾಗಲದ ತಳದಾಗ ಹಾಸಿಗಿ ಆಗಿತ್ತು. ನೀರು ಹೋಗೋ ತೂತು ಮುಚ್ಚಿ ತಗಡು ಜಂಗು ಹಿಡಿಯಾಕ ಹತ್ತಿತ್ತು. ಎಲ್ಲಾ ಕೆರದು, ಜಂಗಿನ ಪೇಂಟ್ ಬಳದ್ವಿ. ಮೋಟರ್ ಹೋದ ಮ್ಯಾಲ ಲಾಕಿನ ಗುಂಡಿ ಒಂದ ಬೆರಳಿಗೆ ಏಳತೈತಿ. ವಾಯರು ದಾಟಸಾಕ ಕೊರದ ತೂತಿಗೆಲ್ಲಾ ರಬ್ಬರ್ ಬಿರಡಿ ಹಾಕಿಸೀನಿ.

ನೀ ಲೆಕ್ಕದಾಂವ, ಲೆಕ್ಕಾ ಬೇಕಲ್ಲ ನಿನಗ. ಬಿಚ್ಚೋಕಿಂತ ಮೊದಲ ಬ್ಯಾಟರಿ ಮೈನಸ್ ವಾಯರು ತಗದು ನಡುವ ಮೀಟರ್ ಹಚ್ಚಿ ನೋಡಿದ್ದೆ. ಕೀಲಿ ಬಂದ್, ಬಾಗಲಾ ಬಂದ್, ಆದ್ರೂ 30 ಮಿಲಿಆಂಪಿಯರ್ ಹರಿಯಾಕತ್ತಿತ್ತು. ಅಲಾರಮ್ ಎಚ್ಚರ ಕುಂತ ಕೂಲಿ ಅದು. ದಿನಕ್ಕ 0.72 ಆಂಪಿಯರ್-ಅವರ್, ತಿಂಗಳಿಗೆ ಹತ್ರಹತ್ರ 22. ನಮ್ಮ ಬ್ಯಾಟರಿ 50ರದ್ದು, ಅದೂ ಹೊಸದಿದ್ದಾಗಿನ ಮಾತು. ದಿನಾ ಓಡೋ ಗಾಡಿಗೆ ಇದು ಲೆಕ್ಕಕ್ಕ ಬರಂಗಿಲ್ಲ, ಡೈನಮೋ ತುಂಬಿಕೊಡತೈತಿ. ವಾರಗಟ್ಟಲೆ ನಿಂತ ಗಾಡಿಗೆ ಇದ ಕಳ್ಳ. ಈಗ ಮೀಟರ್ ಸೊನ್ನಿ ತೋರಸತೈತಿ. ಕೀಲಿ ತಗದ ಮ್ಯಾಲ ಹಳೇ ಅಂಬಾಸಡರ್ ಒಂದು ಹನಿ ಕರೆಂಟೂ ಕುಡೀಬಾರದು, ಗಡಿಯಾರಾನೂ ಇಲ್ಲ ಅದರಾಗ.

‘ಮತ್ತ ಕಳ್ಳರು ಬಂದ್ರ?’ ಅಂತ ಕೇಳತಿ, ಗೊತ್ತು. ಅಲಾರಮ್ ಇದ್ದಾಗ ಎಷ್ಟು ಸಲ ಒದರೈತೋ, ಒಮ್ಮೆಯಾದ್ರೂ ಓಣ್ಯಾಗ ಯಾರಾದ್ರೂ ಬಾಗಲಾ ತಗದು ನೋಡ್ಯಾರೇನು? ಬೆಕ್ಕು ಹಾರಿದ್ರ ಒದರತೈತಿ, ಗುಡುಗಿದ್ರ ಒದರತೈತಿ. ದಿನಾ ಸಾಯೋರಿಗೆ ಅಳೋರ್ಯಾರು? ಬಾಜೂಮನಿ ಕಾಕು ಅಂತೂ ‘ನಿಮ್ಮ ಗಾಡಿ ಅತ್ತಿತ್ತು, ಅದಕ್ಕ ಮಳಿ ಬಂತು ಅಂತ ಹಪ್ಪಳ ಒಳಗ ತಗೊಂಡೆ’ ಅಂತಿದ್ಲು. ಅದರಕಿಂತ, ಬೈಲಹೊಂಗಲದಾಗ ಈ ಗಾಡಿ ಯಾರು ಹೊಡಕೊಂಡು ಹೊಂಟರೂ ಚೆನ್ನಮ್ಮನ ಸಮಾಧಿತನಕ ಹೋಗೂದರೊಳಗ ನಾಕು ಮಂದಿ ‘ಯಾರಪಾ ನೀ? ದಲಾಲರ ಗಾಡಿ ನಿನ್ನ ಕೈಯಾಗ ಹೆಂಗ ಬಂತು?’ ಅಂತ ಕೇಳತಾರ. ಹೋದ ಸಲ ನಿನ್ನ ಮಗ ಹೊಡಕೊಂಡು ಹೋದಾಗ ಅವನ್ನ ತರುಬಿದ್ದು ಮರತಿಯೇನು?

ಆದ್ರೂ ಪರ ಊರಿಗೆ ಹೋದಾಗ ಒಂದು ಬಂದೋಬಸ್ತ್ ಬೇಕು. ಎರಡು ಮಾಡೀನಿ. ಬ್ಯಾಟರಿ ಮೈನಸ್ಸಿಗೆ ಒಂದು ಕಟ್-ಆಫ್ ತಿರುಪು ಹಾಕಿಸೀನಿ, ಕೈಲೆ ತಿರುವಿದ್ರ ಇಡೀ ಗಾಡಿ ಕರೆಂಟ್ ಬಂದ್. ಗಾಡಿ ನಿಂತಾಗ ಬ್ಯಾಟರಿಗೂ ಚೊಲೊ, ಬೆಂಕಿ ಅಂಜಿಕೀನೂ ಇಲ್ಲ. ಎರಡನೇದು ಅಪ್ಪಂದ. ನೀ ಸಣ್ಣಾಂವಿದ್ದಿ, ನೋಡಿರಲಿಕ್ಕಿಲ್ಲ. ಜಾತ್ರಿಗೆ ಹೋದಾಗ ಅಪ್ಪ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಎರಡು ಕ್ಲಿಪ್ ಬಿಚ್ಚಿ, ಟೊಪಗಿ ಸರಿಸಿ, ಒಳಗಿನ ರೋಟರ್ ಎತ್ತಿ ಬಕ್ಕಣಕ್ಕ ಹಾಕೋತಿದ್ದ. ಅದಿಲ್ಲದ ಯಾವ ಪ್ಲಗ್ಗಿಗೂ ಕಿಡಿ ಹೋಗಂಗಿಲ್ಲ, ಕಳ್ಳ ಸೆಲ್ಫ್ ಹೊಡದು ಹೊಡದು ಸುಸ್ತಾಗಬೇಕು, ಅಷ್ಟ. ಇದು ಅಪ್ಪನ ಶೋಧ ಅಂತ ತಿಳದಿದ್ದೆ. ಆಮ್ಯಾಲ ಓದಿದೆ: 1940ರಾಗ ಜರ್ಮನ್ನರು ಇಳದಾರು ಅನ್ನೋ ಅಂಜಿಕ್ಯಾಗ ಇಂಗ್ಲಂಡಿನ ಸರಕಾರನ, ನಿಲ್ಲಿಸಿದ ಗಾಡಿ ವೈರಿ ಕೈಗೆ ಸಿಕ್ಕು ಉಪಯೋಗಕ್ಕ ಬರಬಾರದು, ಮಾಲಕರ ನಿಕಾಮಿ ಮಾಡಿ ಹೋಗಬೇಕು ಅಂತ ಹುಕುಂ ಮಾಡಿತ್ತಂತ. ಮಂದಿ ರೋಟರ್ ತಗದು ಬಕ್ಕಣದಾಗ ಇಟಗೊಂಡು ಓಡಾಡತಿದ್ರಂತ. ಆ ದೇಶದ ಗಾಡಿ ಸಂತಾನ ನಮ್ಮ ಮನಿಗೆ ಬಂತು, ಅದರ ಉಪಾಯಾನೂ ಹೆಂಗೋ ಅಪ್ಪನ ಅಂಗಿ ಬಕ್ಕಣಕ್ಕ ಬಂತು.

ವಿಮಾ ಬಗ್ಗೆ ನೀ ಕೇಳೋಕಿಂತ ಮೊದಲ ಹೇಳತೀನಿ. ನಿಮ್ಮ ಪುಣೆದಾಗಿನ ಎಆರ್‌ಎಐ ಸಂಸ್ಥೆ ಒಪ್ಪಿದ ಅಲಾರಮ್ ಹಾಕಿಸಿದ್ರ ವಿಮಾ ಹಣದಾಗ ಸಣ್ಣ ರಿಯಾಯತಿ ಇರತೈತಿ, ಅಂಥಾದ್ದನ್ನ ತಗಸಿದ್ರ ವಿಮಾದವರಿಗೆ ತಿಳಸಬೇಕು. ನಮ್ಮ ಪಾಲಿಸಿ ತಗದು ನೋಡಿದೆ, ಆ ರಿಯಾಯತಿ ಎಂದೂ ತಗೊಂಡಿಲ್ಲ.

ನಿನ್ನ ಮಗ ಕೇಳತಿದ್ದನಲ್ಲ, ವಿಂಟೇಜ್ ನಂಬರ್ ಯಾವಾಗ ಸಿಗತೈತಿ ಅಂತ? ಕೇಂದ್ರ ಸರಕಾರದ 2021ರ ನಿಯಮ ಹಿಂಗೈತಿ: ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಮೂಲದ್ದ ಇರಬೇಕು, ದುಡಿಮಿಗೆ ಹಚ್ಚಬಾರದು. ಹೊಸಾ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೀತೈತಿ, ನಂಬರಿನ ನಡುವ ‘ವಿಎ’ ಅಂತ ಬರತೈತಿ. ನಮ್ಮದು 1985ರ ಮಾರ್ಕ್ 4, ಅದೇ 1489 ಸಿಸಿ ಇಂಜಿನ್. ಅಂದ್ರ 2035ಕ್ಕ. ಅಲಾರಮ್ ಇದ್ರ ಆ ನಿಯಮಕ್ಕೇನೂ ಅಡ್ಡಿ ಇರಲಿಲ್ಲ, ಆದ್ರ ಇಂಥಾ ವಾಯರಿಂಗ್ ಇಟಗೊಂಡು ಗಾಡಿ 2035 ಕಾಣೋದು ನನಗೇನೂ ಭರವಸೆ ಇರಲಿಲ್ಲ.

ತಗದ ಸಾಮಾನು ಯಾವುದೂ ಹಾಳು ಮಾಡಿಲ್ಲ. ರಿಲೇ ನಮ್ಮ ಸಾಲಿಗೆ ಕೊಟ್ಟೀನಿ, ಡಬ್ಬಿ ಬಿಚ್ಚಿ ಅಯಸ್ಕಾಂತದ ಪಾಠಕ್ಕ ತೋರಸಾಕತ್ತಾರ. ಸೈರನ್ ಮುನವಳ್ಳಿ ಕಾಕಾ ಒಯ್ದ, ಗ್ವಾಂಜಾಳ ಹೊಲಕ್ಕ ರಾತ್ರಿ ಹಂದಿ ಬರತಾವಂತ, ಹಳೇ ಬ್ಯಾಟರಿಗೆ ಕಟ್ಟಿ ಬಿಟ್ಟಾನ. ಕೆಲಸ ಮಾಡತೈತಂತ. ಆ ಕೀಲಿ, ಅಪ್ಪ ಬರದ ಚೀಟಿ, ರಿಮೋಟ್ ಮೂರೂ ಈ ಲಕೋಟಿಯೊಳಗ ಕಳಸೀನಿ. ಅವು ನಿನ್ನವು.

ಜೋಡಿಗೆ ಒಂದು ನಕಾಶಿ ಐತಿ. ಈಗಿನ ವಾಯರಿಂಗ್ ಹೆಂಗೈತಿ ಅಂತ ಬಣ್ಣದ ಪೆನ್ಸಿಲಿನಿಂದ ಬರದೀನಿ, ಒಂದು ಪ್ರತಿ ಗಾಡ್ಯಾಗೂ ಇಟ್ಟೀನಿ. ಇನ್ನ ಮ್ಯಾಲ ಯಾರು ಕೈ ಹಚ್ಚಿದ್ರೂ ಅದರ ಮ್ಯಾಲ ಬರದ ಮುಂದಿನ ಕೆಲಸ. ಮಗನ ಜೋಡಿ ಕುಂತು ನೋಡು, ಅಂವಗ ತಿಳೀತೈತಿ.

ಅಕ್ಟೋಬರದಾಗ ಕಿತ್ತೂರ ಉತ್ಸವಕ್ಕ ಬರತೀನಿ ಅಂದಿದ್ದಿ. ಬಸ್ಸಿಗೆ ಬಾ, ಕಿತ್ತೂರಾಗ ಇಳಿ, ನಾನ ಗಾಡಿ ತಗೊಂಡು ಬರತೀನಿ. ಅಲ್ಲಿಂದ ಸವದತ್ತಿಗೆ ಹೋಗಿ ಅಮ್ಮನ ದರ್ಶನ ಮಾಡಿ, ರಾಮದುರ್ಗದ ಮಾವಶಿಗೆ ಮಾರಿ ತೋರಿಸಿ ಬರೋಣು. ಅಕಿ ದಿನಾ ನಿನ್ನ ಕೇಳತಾಳ. ಗಾಡಿ ನೀನ ಹೊಡಿ. ಬರೋವಾಗ ಪುಣೆದಾಗ ಸಿಕ್ಕರ ಮುಂದಿನ ಎರಡೂ ಬಾಗಲದ ರಬ್ಬರ್ ತಗೊಂಡು ಬಾ, ಇಲ್ಲಿ ಹುಬ್ಬಳ್ಳಿತನಕ ಹುಡಕಿಸೀನಿ, ಸಿಕ್ಕಿಲ್ಲ. ರೊಕ್ಕದ ಮಾತು ತಗೀಬ್ಯಾಡ, ಮಿಸ್ತ್ರಿ ಮಜೂರಿ ನಾ ಕೊಟ್ಟೀನಿ.

ಮಕ್ಕಳಿಗೆ ನನ್ನ ಮುದ್ದು ಹೇಳು. ಕಾಗದ ಮುಟ್ಟಿದ ಕೂಡ್ಲೆ ಫೋನ್ ಮಾಡು. ಬೈಯೋದಿದ್ರ ಒಂಬತ್ತರೊಳಗ ಮಾಡು, ಆಮ್ಯಾಲ ನಾ ಮಲಗತೀನಿ.

ನಿನ್ನ
ಅಕ್ಕ